ಉಗುರಿನ ಸೋರಿಯಾಸಿಸ್: ಅಂಟುರೋಗವಲ್ಲ, ಆರೈಕೆ ಬೇಕು

ಅನ್ನ ಬಡಿಸುವಾಗ, ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ, ಪರಮಪ್ರಸಾದಕ್ಕಾಗಿ ಕೈ ಚಾಚುವಾಗ ಎದುರಿಗಿದ್ದವರ ಕಣ್ಣಿಗೆ ಬೀಳುವುದು ನಮ್ಮ ಬೆರಳುಗಳು. ಉಗುರುಗಳು ಹಳದಿಯಾಗಿ, ದಪ್ಪವಾಗಿ, ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ಕೈಯನ್ನು ಸೆರಗಿನಲ್ಲಿ ಮರೆಮಾಡುವವರು ಇದ್ದಾರೆ. ಅಂಥವರ ತಟ್ಟೆ ಲೋಟಗಳನ್ನು ಬೇರೆಯಾಗಿಡುವ ಮನೆಗಳೂ ಇವೆ. ಎಷ್ಟೋ ಸಲ ಕಾಯಿಲೆಗಿಂತ ಈ ನಡತೆಯೇ ಹೆಚ್ಚು ನೋವು ಕೊಡುತ್ತದೆ.

ಇದು ಏಕೆ ಬರುತ್ತದೆ?

ಸೋರಿಯಾಸಿಸ್ ಮುಟ್ಟಿದರೆ ಹರಡುವುದಿಲ್ಲ. ಕೊಳಕಿನಿಂದ ಬರುವುದಿಲ್ಲ. ಕುಷ್ಠರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಚರ್ಮದ ಕಣಗಳು ಅತಿ ವೇಗವಾಗಿ ಬೆಳೆಯುವಂತೆ ಮಾಡುತ್ತದೆ. ವಂಶದಲ್ಲಿ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಸೋರಿಯಾಸಿಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಉಗುರಿನಲ್ಲೂ ಲಕ್ಷಣಗಳಿರುತ್ತವೆ. ಅಪರೂಪಕ್ಕೆ ಉಗುರಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಇದು ಅಂಟದ, ಆದರೆ ಗಂಭೀರವಾದ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಗುರುತಿಸಿವೆ.

ಲಕ್ಷಣಗಳು

ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು, ಎಣ್ಣೆಯ ಹನಿ ಬಿದ್ದಂತೆ ಕಾಣುವ ಕಂದು ಕಲೆ, ಉಗುರು ತುದಿಯಿಂದ ಮೇಲೇಳುವುದು, ಅದರಡಿ ಸುಣ್ಣದಂಥ ಪುಡಿ ಸೇರುವುದು ಮುಖ್ಯ ಗುರುತುಗಳು. ಫಂಗಸ್ ಸೋಂಕಿನಲ್ಲೂ ಉಗುರು ಹೀಗೆಯೇ ಕಾಣಬಹುದು. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಬೇಡಿ. ಚರ್ಮರೋಗ ತಜ್ಞರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಉಗುರಿನ ಚೂರನ್ನು ಪರೀಕ್ಷೆಗೆ ಕಳಿಸುತ್ತಾರೆ.

ಮನೆಯಲ್ಲಿ ಆರೈಕೆ

* ಉಗುರನ್ನು ಗಿಡ್ಡವಾಗಿ ಕತ್ತರಿಸಿ. ಅದರಡಿಯ ಪುಡಿಯನ್ನು ಪಿನ್ನು, ಕಡ್ಡಿಗಳಿಂದ ಕೆದಕಬೇಡಿ. ಪೆಟ್ಟು ಬಿದ್ದಷ್ಟೂ ಕಾಯಿಲೆ ಕೆರಳುತ್ತದೆ.
* ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಒಳಗೆ ಹತ್ತಿಯ ಕೈಚೀಲ, ಮೇಲೆ ರಬ್ಬರಿನದನ್ನು ಹಾಕಿಕೊಳ್ಳಿ.
* ಕೈ ತೊಳೆದ ಮೇಲೆ ಚೆನ್ನಾಗಿ ಒರೆಸಿ, ಉಗುರಿನ ಸುತ್ತ ವ್ಯಾಸಲಿನ್ ಸವರಿ.
* ಕಾಲುಗುರಿನಲ್ಲಿ ತೊಂದರೆಯಿದ್ದರೆ ಬೆರಳು ಒತ್ತದ ಚಪ್ಪಲಿ ಧರಿಸಿ.
* ಬದನೆಕಾಯಿ, ಮೀನು ತಿಂದದ್ದರಿಂದ ಬಂತು ಎಂದು ಯಾರನ್ನೂ ದೂರಬೇಡಿ. ಧೂಮಪಾನ ಮತ್ತು ಮದ್ಯಪಾನದಿಂದ ದೂರವಿರುವುದು ಒಳ್ಳೆಯದು.

ಚಿಕಿತ್ಸೆಗೆ ತಾಳ್ಮೆ ಬೇಕು

ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಹೊಸ ಉಗುರು ಪೂರ್ತಿ ಬರಲು ಆರು ತಿಂಗಳು, ಕಾಲುಗುರಿಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಎರಡು ವಾರ ಹಚ್ಚಿ, ಗುಣವಾಗಲಿಲ್ಲವೆಂದು ಔಷಧಿ ಬಿಡುವುದು ಸರಿಯಲ್ಲ. ಕಾಯಿಲೆ ಬೇರುಸಹಿತ ಹೋಗದಿದ್ದರೂ ಹತೋಟಿಗೆ ಬರುತ್ತದೆ. ಹಚ್ಚುವ ಔಷಧಿ ಸಾಲದಿದ್ದರೆ ವೈದ್ಯರು ಚುಚ್ಚುಮದ್ದು ಅಥವಾ ಮಾತ್ರೆ ಕೊಡಬಹುದು. ಇವುಗಳಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಸೋರಿಯಾಸಿಸ್‌ಗೆ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು.

ಇನ್ನೊಂದು ಎಚ್ಚರಿಕೆ: ಬೆರಳ ಗಂಟುಗಳು ಊದಿಕೊಂಡರೆ, ಬೆಳಿಗ್ಗೆ ಎದ್ದಾಗ ಕೈ ಬಿಗಿದು ಅರ್ಧ ಗಂಟೆಯಾದರೂ ಸಡಿಲವಾಗದಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ಹೇಳಿ. ಉಗುರಿನ ಸೋರಿಯಾಸಿಸ್ ಇರುವವರಿಗೆ ಸಂಧಿವಾತ ಬರುವ ಸಾಧ್ಯತೆ ಹೆಚ್ಚು. ಬೇಗ ಚಿಕಿತ್ಸೆ ಮಾಡಿದರೆ ಕೀಲುಗಳು ಸೊಟ್ಟಗಾಗುವುದನ್ನು ತಡೆಯಬಹುದು.

ಮನೆಯವರ ಪಾಲು

ಔಷಧಿ ಕೊಡುವುದು ವೈದ್ಯರ ಕೆಲಸ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವುದು, ಆ ಕೈ ಬಡಿಸಿದ್ದನ್ನು ಸಂತೋಷದಿಂದ ಉಣ್ಣುವುದು, ಮಗುವನ್ನು ಆ ಕೈಗೆ ಕೊಡುವುದು ಮನೆಯವರ ಕೆಲಸ. ದೇವಾಲಯದಲ್ಲಿ ಅಂಥವರ ಪಕ್ಕ ಕೂರಲು ಹಿಂಜರಿಯದಿರುವುದು ನಮ್ಮೆಲ್ಲರ ಕರ್ತವ್ಯ. ಹೀಗೆ ನಡೆದುಕೊಂಡರೆ ಅವರು ಕೈ ಮರೆಮಾಡುವ ಅಗತ್ಯವೇ ಬಾರದು.