ಕಾವ್ಯನಾಯಕ, ಜನನಾಯಕ: ರಂಜನೆಯ ರಾಜಕಾರಣದ ಒಂದು ವಿವೇಚನೆ

1

ಕಾವ್ಯದ ಪ್ರಧಾನ ಪಾತ್ರ, ಚಲನಚಿತ್ರದ ಮುಖ್ಯ ನಟ, ರಾಜಕೀಯ ಪಕ್ಷದ ಮುಂದಾಳು - ಈ ಮೂವರಿಗೂ ಕನ್ನಡದಲ್ಲಿ ‘ನಾಯಕ’ ಎಂಬ ಒಂದೇ ಪದ ಬಳಕೆಯಲ್ಲಿದೆ. ‘ಮುನ್ನಡೆಸುವವನು’ ಎಂಬ ಮೂಲಾರ್ಥ ಮೂವರಿಗೂ ಹೊಂದುತ್ತದೆ. ಆದರೆ ಇವರನ್ನು ಅಳೆಯುವ ಮಾನದಂಡಗಳು ಬೇರೆ ಬೇರೆ. ಧನಂಜಯನ ‘ದಶರೂಪಕ’ವು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ವಿಂಗಡಿಸುವಾಗ ಅದರ ಗಮನವಿರುವುದು ಅವರ ಸ್ವಭಾವದ ಮೇಲೆ. ನಾಯಕನು ತೆರಿಗೆಯ ಹಣವನ್ನು ಹೇಗೆ ವ್ಯಯಿಸಿದನೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ಜನನಾಯಕನ ವಿಷಯದಲ್ಲಾದರೋ ಮೊದಲು ಏಳಬೇಕಾದುದೇ ಆ ಪ್ರಶ್ನೆ. ಕಾವ್ಯನಾಯಕನನ್ನು ಆಸ್ವಾದಿಸುವ ಕ್ರಮದಲ್ಲಿಯೇ ಜನನಾಯಕನನ್ನೂ ಆಸ್ವಾದಿಸತೊಡಗಿದಾಗ ಪ್ರಜಾಪ್ರಭುತ್ವವು ತೆರಬೇಕಾದ ಬೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆಳುವವನು ರಂಜಿಸಬೇಕೆಂಬ ನಿರೀಕ್ಷೆ ಹೊಸದಲ್ಲ. ‘ರಾಜ’ ಶಬ್ದವನ್ನು ಪ್ರಜಾರಂಜನೆಯೊಂದಿಗೆ ಜೋಡಿಸುವ ನಿರುಕ್ತಿ ಮಹಾಭಾರತದ ಶಾಂತಿಪರ್ವದಲ್ಲಿಯೂ ಕಾಳಿದಾಸನ ‘ರಘುವಂಶ’ದಲ್ಲಿಯೂ ದೊರೆಯುತ್ತದೆ. ಅಲ್ಲಿ ರಂಜನೆ ಎಂದರೆ ಪಾಲನೆಯಿಂದ ಪ್ರಜೆಗಳನ್ನು ಸಂತೋಷಪಡಿಸುವುದು, ಮನರಂಜನೆಯಲ್ಲ. ಆಳುವವನನ್ನು ಕಥಾನಾಯಕನೊಂದಿಗೆ ಸಮೀಕರಿಸುವ ಪರಂಪರೆಯೂ ಕನ್ನಡಕ್ಕೆ ಪರಿಚಿತವೇ. ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರಿಕೇಸರಿಯನ್ನು ಅರ್ಜುನನೊಂದಿಗೆ, ರನ್ನನು ‘ಗದಾಯುದ್ಧ’ದಲ್ಲಿ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದರು. ಈ ಸಮೀಕರಣಕ್ಕಾಗಿ ಪಂಪನು ಮೂಲಕಥೆಯನ್ನೇ ಮಾರ್ಪಡಿಸಿದನು: ದ್ರೌಪದಿ ಅರ್ಜುನನೊಬ್ಬನಿಗೇ ಪತ್ನಿಯಾದಳು, ಕೊನೆಯ ಪಟ್ಟಾಭಿಷೇಕವೂ ಅವನಿಗೇ ಸಂದಿತು. ಆಶ್ರಯದಾತನ ಬಿಂಬವನ್ನು ಉಳಿಸಲು ಕಥೆ ಬಾಗಬೇಕಾಯಿತು. ಆದರೆ ಹತ್ತನೆಯ ಶತಮಾನದ ಪ್ರಜೆಗೆ ಅರಸನನ್ನು ಆರಿಸುವ ಅಧಿಕಾರವಿರಲಿಲ್ಲ. ಇಂತಹ ಸಮೀಕರಣವು ಮತದಾನದ ವ್ಯವಸ್ಥೆಯೊಳಗೆ ನಡೆದಾಗ ಅದರ ಸ್ವರೂಪವೇ ಬದಲಾಗುತ್ತದೆ.

3

ಈ ಬದಲಾವಣೆಯನ್ನು ತಮಿಳುನಾಡಿನ ಎಂ. ಜಿ. ರಾಮಚಂದ್ರನ್ ಅವರ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ದ್ರಾವಿಡ ಚಳವಳಿಗೆ ಸಿನಿಮಾ ಆರಂಭದಲ್ಲಿ ವಿಚಾರದ ವಾಹಕವಾಗಿತ್ತು. ಕರುಣಾನಿಧಿಯವರು ಸಂಭಾಷಣೆ ಬರೆದ 1952ರ ‘ಪರಾಶಕ್ತಿ’ಯಲ್ಲಿ ಜನರ ಗಮನ ಸೆಳೆದದ್ದು ಮಾತಿನಲ್ಲಿದ್ದ ವಿಚಾರ. ಎಂ.ಜಿ.ಆರ್. ಅವರಲ್ಲಿ ವಿಚಾರಕ್ಕಿಂತ ಬಿಂಬವು ಮುಂದೆ ಬಂದಿತು. ರೈತ, ಅಂಬಿಗ, ರಿಕ್ಷಾ ಎಳೆಯುವವನು ಮೊದಲಾದ ಪಾತ್ರಗಳ ಔದಾರ್ಯ ನಟನ ಔದಾರ್ಯವೆಂದೇ ಜನಮನದಲ್ಲಿ ನೆಲೆಸಿತು. 1972ರಲ್ಲಿ ಸ್ವಂತ ಪಕ್ಷ ಕಟ್ಟಿದ ಅವರು 1977ರಲ್ಲಿ ಮುಖ್ಯಮಂತ್ರಿಯಾದರು. 1984ರ ಚುನಾವಣೆಯ ವೇಳೆಗೆ ಅವರು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದರು. ಕ್ಷೇತ್ರಕ್ಕೆ ಬರಲಿಲ್ಲ, ಭಾಷಣ ಮಾಡಲಿಲ್ಲ. ಆಸ್ಪತ್ರೆಯಲ್ಲಿದ್ದ ಅವರ ವಿಡಿಯೋ ದೃಶ್ಯಗಳು ತಮಿಳುನಾಡಿನಲ್ಲಿ ಪ್ರದರ್ಶಿತವಾದವು. ಆಂಡಿಪಟ್ಟಿಯಲ್ಲಿ ಅವರೂ ರಾಜ್ಯದಲ್ಲಿ ಅವರ ಪಕ್ಷವೂ ಗೆದ್ದವು. ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅನುಕಂಪ ಹಾಗೂ ಕಾಂಗ್ರೆಸ್ ಮೈತ್ರಿ ಈ ಗೆಲುವಿಗೆ ನೆರವಾದುದು ನಿಜ. ಆದರೂ ಪ್ರಶ್ನಿಸಲು ಎದುರಿಗಿಲ್ಲದ ಅಭ್ಯರ್ಥಿಯ ಬಿಂಬವೇ ಚುನಾವಣೆಯಲ್ಲಿ ಸಾಕಾಯಿತೆಂಬುದು ಗಮನಾರ್ಹ.

ಈ ವಿದ್ಯಮಾನವನ್ನು ಎಂ. ಎಸ್. ಎಸ್. ಪಾಂಡಿಯನ್ ಅವರು ‘ದಿ ಇಮೇಜ್ ಟ್ರ್ಯಾಪ್’ (1992) ಎಂಬ ಅಧ್ಯಯನದಲ್ಲಿ ವಿಶ್ಲೇಷಿಸಿದ್ದಾರೆ. ಆಡಳಿತದ ಹೊರೆಯನ್ನು ಹೆಚ್ಚಾಗಿ ಹೊತ್ತ ಬಡವರೇ ಆ ಆಡಳಿತದ ದೃಢ ಬೆಂಬಲಿಗರಾಗಿ ಉಳಿದದ್ದು ಹೇಗೆಂಬುದು ಅವರ ಮುಖ್ಯ ಪ್ರಶ್ನೆ. 1982ರಲ್ಲಿ ವಿಸ್ತರಣೆಗೊಂಡ ಪೌಷ್ಟಿಕ ಮಧ್ಯಾಹ್ನದ ಊಟದ ಯೋಜನೆಯ ಮಹತ್ವವನ್ನು ಅಲ್ಲಗಳೆಯಲಾಗದು. ಆ ಊಟ ಮಕ್ಕಳಿಗೆ ನಿಜವಾಗಿ ದೊರೆಯಿತು. ಆದರೆ ಸಾರ್ವಜನಿಕ ಹಣದ ಯೋಜನೆಯು ನಾಯಕನ ಕರುಣೆಯೆಂದು ಗ್ರಹಿತವಾದಾಗ ಅದನ್ನು ಪಡೆದವನು ಹಕ್ಕುದಾರನಾಗುವ ಬದಲು ಋಣಿಯಾಗುತ್ತಾನೆ. ಋಣಿಯಾದವನು ಲೆಕ್ಕ ಕೇಳಲು ಹಿಂಜರಿಯುತ್ತಾನೆ.

4

ಇಲ್ಲಿ ಕಾವ್ಯಮೀಮಾಂಸೆಯ ಒಂದು ಪರಿಕಲ್ಪನೆ ಉಪಯುಕ್ತವಾಗುತ್ತದೆ. ಅಭಿನವಗುಪ್ತನು ತನ್ಮಯೀಭವನದ ಯೋಗ್ಯತೆಯನ್ನು ಸಹೃದಯನ ಲಕ್ಷಣವೆಂದು ಹೇಳುತ್ತಾನೆ. ವರ್ಣ್ಯ ವಸ್ತುವಿನಲ್ಲಿ ಒಂದಾಗುವುದು ಸಹೃದಯನ ಗುಣ. ಆಡಳಿತದಿಂದ ಅಂತರ ಕಾಯ್ದುಕೊಂಡು ಲೆಕ್ಕ ಕೇಳುವುದು ಪೌರನ ಕರ್ತವ್ಯ. ನಾಟಕ ಮುಗಿದ ಮೇಲೆ ಪ್ರೇಕ್ಷಕನು ಮನೆಗೆ ಮರಳುತ್ತಾನೆ. ಪೌರನಿಗೆ ಆ ಸೌಲಭ್ಯವಿಲ್ಲ. ಅವನು ಅದೇ ಆಡಳಿತದಡಿಯಲ್ಲಿ ಬದುಕಬೇಕು. ಕನ್ನಡದಲ್ಲಿ ‘ಸಭಿಕ’ ಎಂಬ ಪದವೂ ಸಭೆಯ ಸದಸ್ಯ ಎಂಬ ಅರ್ಥದಿಂದ ಸರಿದು ಇಂದು ಬಹುಮಟ್ಟಿಗೆ ಕೇಳುಗ, ನೋಡುಗ ಎಂಬ ಅರ್ಥದಲ್ಲಿಯೇ ಬಳಕೆಯಾಗುತ್ತಿದೆ.

ನಟರು ರಾಜಕಾರಣಕ್ಕೆ ಬರಬಾರದೆಂಬುದು ಈ ವಾದದ ತಾತ್ಪರ್ಯವಲ್ಲ. ಚಿತ್ರಮಂದಿರವು ಅಕ್ಷರವಂಚಿತರನ್ನೂ ಸಾರ್ವಜನಿಕ ಬದುಕಿಗೆ ಸೆಳೆದಿದೆ. ಚುನಾವಣಾ ರಾಜಕಾರಣದಿಂದ ಹೊರಗುಳಿದೇ ಡಾ. ರಾಜಕುಮಾರ್ ಅವರು 1982ರ ಗೋಕಾಕ್ ಚಳವಳಿಗೆ ಬಲ ತುಂಬಿದರು. ಅಲ್ಲಿ ನಟನ ಜನಪ್ರಿಯತೆ ಒಂದು ಸಾರ್ವಜನಿಕ ಬೇಡಿಕೆಗೆ ಒದಗಿ ಬಂದಿತು. ಮತ್ತೊಂದೆಡೆ, ಎಂದೂ ಬಣ್ಣ ಹಚ್ಚದ ರಾಜಕಾರಣಿಗಳೂ ಇಂದು ಕ್ಯಾಮೆರಾಕ್ಕಾಗಿಯೇ ಮಾತು, ಉಡುಪು, ಕಣ್ಣೀರುಗಳನ್ನು ಅಣಿಗೊಳಿಸುತ್ತಾರೆ. ಅಮೆರಿಕದಲ್ಲಿ 2004ರಿಂದ ದೂರದರ್ಶನದ ‘ದಿ ಅಪ್ರೆಂಟಿಸ್’ ಕಾರ್ಯಕ್ರಮದ ಮುಖವಾಗಿದ್ದ ಡೊನಾಲ್ಡ್ ಟ್ರಂಪ್ 2016ರಲ್ಲಿಯೂ 2024ರಲ್ಲಿಯೂ ಅಧ್ಯಕ್ಷರಾಗಿ ಆಯ್ಕೆಯಾದರು. ಆದ್ದರಿಂದ ದೋಷವನ್ನು ನಟನ ವೃತ್ತಿಯಲ್ಲಿ ಅಲ್ಲ, ನೋಡುವ ಕ್ರಮದಲ್ಲಿ ಹುಡುಕಬೇಕಾಗುತ್ತದೆ.

ಚರ್ಚೆಯ ತಾಣವಾದ ಶಾಸನಸಭೆಯ ಸ್ಥಿತಿಯನ್ನೂ ಇದರೊಂದಿಗೆ ನೋಡಬೇಕು. ಮೊದಲ ಲೋಕಸಭೆ (1952-57) 677 ದಿನ ಸೇರಿತ್ತು. ಹದಿನೇಳನೆಯ ಲೋಕಸಭೆ (2019-24) ಸೇರಿದ್ದು 274 ದಿನ. ಈ ಇಳಿಕೆಗೆ ರಂಜನೆಯೊಂದೇ ಕಾರಣವೆನ್ನಲಾಗದು. ಆದರೆ ವಿಧೇಯಕದ ಮೇಲಿನ ಚರ್ಚೆಗೆ ನೋಡುಗರಿಲ್ಲದಿರುವಾಗ ಅದು ಮೊಟಕಾದರೂ ನಾಯಕನಿಗೆ ನಷ್ಟವಾಗುವುದಿಲ್ಲ. ನಷ್ಟವಾಗುವುದು ಆ ಕಾನೂನಿಗೆ ಒಳಪಡುವವನಿಗೆ.

5

ಜನಪ್ರಿಯ ಚಲನಚಿತ್ರದಲ್ಲಿ ನಾಯಕನ ಎದುರಾಳಿ ಖಳನಾಯಕ. ಅವನನ್ನು ಮಣಿಸಿದರೆ ಕಥೆ ಮುಗಿಯುತ್ತದೆ. ಶಾಸನಸಭೆಯಲ್ಲಿ ಎದುರು ಕುಳಿತವನೂ ‘ವಿರೋಧ ಪಕ್ಷದ ನಾಯಕ’. ಸಂಸತ್ತಿನ ಮಟ್ಟಿಗೆ ಆ ಸ್ಥಾನಕ್ಕೆ 1977ರ ಕಾಯಿದೆಯ ಮಾನ್ಯತೆಯೂ ಇದೆ. ರಂಜನೆಯ ರಾಜಕಾರಣವು ಈ ಎರಡನೆಯ ನಾಯಕನನ್ನು ಖಳನನ್ನಾಗಿ ಕಾಣಲು ಕಲಿಸುತ್ತದೆ. ಈ ದೃಷ್ಟಿಯಿಂದ ಪಂಪನನ್ನು ಮತ್ತೆ ಓದುವುದು ಸೂಕ್ತ. ಅರಿಕೇಸರಿಗಾಗಿ ಅರ್ಜುನನ ಕಥೆ ಬರೆದ ಅದೇ ಕವಿ ಎದುರುಪಕ್ಷದ ಕರ್ಣನ ಸತ್ಯವನ್ನೂ ತ್ಯಾಗವನ್ನೂ ಓದುಗನು ಮರೆಯದಂತೆ ನೋಡಿಕೊಂಡನು. ಅರಸನ ಆಶ್ರಯದಲ್ಲಿ ರಚಿತವಾದ ಕಾವ್ಯವೇ ಎದುರಾಳಿಗೆ ಇಷ್ಟು ಮನ್ನಣೆ ನೀಡಿತು. ಮತದಾರನು ಸ್ವತಃ ಒಡೆಯನಾಗಿರುವ ವ್ಯವಸ್ಥೆಯಲ್ಲಿ ಅದಕ್ಕಿಂತ ಕಡಿಮೆಯದನ್ನು ಒಪ್ಪಿಕೊಳ್ಳುವುದು ಹಿನ್ನಡೆಯೇ ಸರಿ. ಪಠ್ಯದ ನಾಯಕನಲ್ಲಿ ತನ್ಮಯನಾಗುವುದನ್ನು ಕಲಿಸುವ ಸಾಹಿತ್ಯದ ತರಗತಿಯು, ಪಠ್ಯದ ಆಚೆಗಿನ ನಾಯಕನಿಂದ ಅಂತರ ಕಾಯ್ದುಕೊಳ್ಳುವುದನ್ನೂ ಕಲಿಸಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ.