ದಾಸವಾಳಕ್ಕೆ ಕತ್ತರಿ ಹಾಕಲು ಹೆದರಬೇಡ

ಮಗಳೇ,

ಠಾಣೆಯ ನೌಪಾಡಾದ ಹೊಸ ಮನೆಯ ಗ್ರಿಲ್ಲಿನಲ್ಲಿ ಇಟ್ಟ ದಾಸವಾಳ ಮೊಗ್ಗು ಹಿಡಿಯುತ್ತದೆ, ಅರಳುವ ಮೊದಲೇ ಉದುರಿಸಿಬಿಡುತ್ತದೆ, ಯಾವ ಗೊಬ್ಬರ ಹಾಕಲಿ ದೊಡ್ಡಮ್ಮ ಎಂದು ಕೇಳಿದೆಯಲ್ಲ. ಗೊಬ್ಬರದ ಮಾತು ಆಮೇಲೆ. ಕುಂಡದ ದಾಸವಾಳ ಹಸಿವಿನಿಂದ ಸತ್ತದ್ದನ್ನು ನಾನು ಕಂಡದ್ದು ಕಡಿಮೆ, ಅತಿ ಉಪಚಾರದಿಂದ ಸತ್ತದ್ದೇ ಹೆಚ್ಚು. ದಿನಾ ನೀರು, ವಾರಕ್ಕೊಂದು ಪುಡಿ, ಯಾರೋ ಹೇಳಿದರೆಂದು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು. ಆ ಗಿಡಕ್ಕೆ ನಿಜವಾಗಿ ಬೇಕಾದ ಎರಡನ್ನು ಮಾತ್ರ ಕೊಡಲು ನಮಗೆ ಮನಸ್ಸು ಬರುವುದಿಲ್ಲ: ಬಿಸಿಲು ಮತ್ತು ಕತ್ತರಿ.

ಮೊದಲು ಬಿಸಿಲು. ನಿಮ್ಮ ಓಣಿಯಲ್ಲಿ ಎರಡು ಮೂರು ಮಹಡಿಯ ಹಳೆಯ ಮನೆಗಳು ಹೋಗಿ ಟವರುಗಳು ಏಳುತ್ತಿವೆ. ಒಂದರ ನೆರಳು ಇನ್ನೊಂದರ ಮೇಲೆ. ರಜೆಯ ದಿನ ಮನೆಯಲ್ಲೇ ಇದ್ದು, ಗ್ರಿಲ್ಲಿನ ಯಾವ ಮೂಲೆಗೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆಂದು ನೋಡು. ಐದು ಗಂಟೆಯಾದರೂ ಬೇಕು. ಇನ್ನೊಂದು ವಿಷಯ ತುಂಬ ಜನರ ಗಮನಕ್ಕೆ ಬರುವುದಿಲ್ಲ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಠಾಣೆಯಲ್ಲಿ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ದಿನವಿಡೀ ಬಿಸಿಲು ಕಂಡ ದಕ್ಷಿಣದ ಗ್ರಿಲ್ಲಿಗೆ ಆಗ ಬಿಸಿಲೇ ಇಲ್ಲ. ಅಂಥ ಕಾಲದಲ್ಲಿ ಎಲೆ ಹಳದಿಯಾದರೆ ಗಿಡಕ್ಕೆ ರೋಗ ಬಂತೆಂದು ಗಾಬರಿಪಡಬೇಡ. ಬಿಸಿಲು ಬರುವುದೇ ಇಲ್ಲವೆಂದಾದರೆ ಅಲ್ಲಿ ದೊಡ್ಡಪತ್ರೆ ಬೆಳೆಸು, ದಾಸವಾಳವನ್ನು ಸೊಸೈಟಿಯ ಟೆರೇಸಿಗೋ ಕಾಂಪೌಂಡಿಗೋ ಕೇಳಿಕೊಂಡು ಸಾಗಿಸು.

ನರ್ಸರಿಯಿಂದ ತಂದ ಗಿಡದ ಬುಡವನ್ನು ಒಮ್ಮೆ ಬಿಡಿಸಿ ನೋಡಿದ್ದೀಯಾ? ಹೆಚ್ಚಿನ ಗಿಡಗಳ ಬೇರಿನ ಸುತ್ತ ಜೇಡಿಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಸಾಗಿಸಲು ಅನುಕೂಲವೆಂದು ಹಾಗೆ ಕಟ್ಟಿರುತ್ತಾರೆ. ಅದನ್ನು ಹಾಗೇ ಕುಂಡದಲ್ಲಿಟ್ಟರೆ ಸುತ್ತಲಿನ ಮಣ್ಣು ಒದ್ದೆಯಾಗಿದ್ದರೂ ಉಂಡೆಯ ಒಳಗೆ ನೀರು ಇಳಿಯುವುದಿಲ್ಲ. ಮಳೆಗಾಲದಲ್ಲಿ ನೆನೆದುಬಿಟ್ಟರೆ ಆರುವುದೂ ಇಲ್ಲ. ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಮೆಲ್ಲನೆ ಸಡಿಲಿಸಿ, ಆಮೇಲೆ ನೆಡು. ಹನ್ನೆರಡು ಇಂಚಿನ ಕುಂಡ ಸಾಕು. ಅರ್ಧ ಕೆಂಪು ಮಣ್ಣು, ಉಳಿದರ್ಧ ಎರೆಗೊಬ್ಬರ ಮತ್ತು ಒಂದಿಷ್ಟು ತೆಂಗಿನ ನಾರಿನ ಪುಡಿ. ನೀರು ಕುಡಿದ ಕುಂಡ ತುಂಬ ಭಾರ, ಗ್ರಿಲ್ಲಿನ ತುದಿಗೆ ಸಾಲಾಗಿ ಇಡಬೇಡ, ಗೋಡೆಯ ಬದಿಗಿರಲಿ. ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಕೆಸರು ನೀರು ಬಿದ್ದು ಜಗಳವಾಗದಂತೆ ತಟ್ಟೆ ಇಡು. ಜೂನ್ ಬಂತೆಂದರೆ ಆ ತಟ್ಟೆ ತೆಗೆದುಬಿಡು, ಇಲ್ಲವೇ ದಿನಾ ಚೆಲ್ಲು. ನಿಂತ ನೀರಿನಲ್ಲಿ ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ.

ಇನ್ನು ನಿನ್ನ ಮೊಗ್ಗು. ಉದುರಿದ ಮೊಗ್ಗನ್ನು ಗುಡಿಸಿ ಎಸೆಯುವ ಮೊದಲು ಒಂದನ್ನು ಉಗುರಿನಿಂದ ಸೀಳಿ ಬಿಳಿ ಕಾಗದದ ಮೇಲೆ ಕೊಡವು. ಕೂದಲೆಳೆಯಷ್ಟು ಸಣ್ಣ, ಚುರುಕಾಗಿ ಓಡುವ ಜೀವಿ ಕಂಡರೆ ಅದು ಥ್ರಿಪ್ಸ್. ಬೆಳ್ಳಗಿನ ಪುಟ್ಟ ಹುಳ ಹೊರಳುತ್ತಿದ್ದರೆ ಬೇರೆ ಕತೆ: ಅದು ಮೊಗ್ಗಿನಿಂದ ಮಣ್ಣಿಗಿಳಿದು ಅಲ್ಲೇ ಬೆಳೆದು ಮತ್ತೆ ನೊಣವಾಗಿ ಮೇಲೇಳುವ ಜಾತಿ. ಉದುರಿದ ಮೊಗ್ಗುಗಳನ್ನೆಲ್ಲ ಆಯ್ದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕುವುದೇ ಅರ್ಧ ಮದ್ದು. ಒಳಗೆ ಏನೂ ಇಲ್ಲದಿದ್ದರೆ ತಪ್ಪು ನೀರಿನದು. ಒಂದು ದಿನ ಬತ್ತಿಸಿ ಮರುದಿನ ಮುಳುಗಿಸಿದರೆ ದಾಸವಾಳ ಮೊದಲು ಕೈಬಿಡುವುದು ಮೊಗ್ಗನ್ನೇ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ ನೋಡು. ಒಣಗಿದ್ದರೆ ತಳದ ತೂತಿನಿಂದ ನೀರು ಬರುವವರೆಗೆ ಹಾಕು, ಒದ್ದೆಯಿದ್ದರೆ ಸುಮ್ಮನಿರು. ಅಕ್ಟೋಬರ್ ಸೆಕೆಯಲ್ಲಿ ದಿನಾ ಕುಡಿಯುವ ಗಿಡ ಜುಲೈಯಲ್ಲಿ ವಾರವಿಡೀ ನಿನ್ನ ನೀರು ಕೇಳಲಿಕ್ಕಿಲ್ಲ.

ಹಿಟ್ಟು ತಿಗಣೆ ಬಂದೇ ಬರುತ್ತದೆ. ಚಿಗುರು ಮುದುಡಿ, ಕವಲಿನಲ್ಲಿ ಹತ್ತಿ ಅಂಟಿದಂತೆ ಕಾಣುತ್ತದೆ. 1994ರಲ್ಲಿ ಗ್ರೆನಡಾ ದ್ವೀಪಕ್ಕೆ ಹೊಕ್ಕ ಗುಲಾಬಿ ಹಿಟ್ಟು ತಿಗಣೆ ಅಲ್ಲಿಯ ದಾಸವಾಳದ ಬೇಲಿಗಳನ್ನೇ ಹಾಳುಮಾಡಿ ಆಸುಪಾಸಿನ ದ್ವೀಪಗಳಿಗೂ ಹಬ್ಬಿತ್ತು. ಅದನ್ನು ಹತೋಟಿಗೆ ತಂದದ್ದು ಔಷಧಿಗಿಂತ ಹೆಚ್ಚಾಗಿ ಅದನ್ನು ತಿನ್ನುವ, ಅದರ ಮೈಯಲ್ಲೇ ಬೆಳೆಯುವ ಕೀಟಗಳು. ಹಾಗಾಗಿ ಸ್ಪ್ರೇ ಎತ್ತುವ ಮೊದಲು ಹತ್ತಿರದಿಂದ ನೋಡು ಎನ್ನುತ್ತೇನೆ. ತಿಗಣೆಗಳ ನಡುವೆ ಅವಕ್ಕಿಂತ ದೊಡ್ಡದಾದ, ಮೈತುಂಬ ಬಿಳಿ ಮೇಣದ ಜೂಲು ಹೊತ್ತು ಸರಸರ ನಡೆಯುವ ಒಂದು ಮರಿ ಕಂಡರೆ ಅದನ್ನು ಕೊಲ್ಲಬೇಡ. ಅದು ಗುಲಗಂಜಿ ಹುಳದ ಜಾತಿಯ ಕ್ರಿಪ್ಟೋಲೀಮಸ್‌ನ ಮರಿ, ತಿಗಣೆಯೇ ಅದರ ಊಟ. 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ಬಂದದ್ದು. ತಿಗಣೆಯದೇ ವೇಷ ಇರುವುದರಿಂದ ಗೊತ್ತಿಲ್ಲದೆ ಜನ ಮೊದಲು ಇದನ್ನೇ ಹೊಸಕಿಹಾಕುತ್ತಾರೆ. ಇದು ಕಾಣದಿದ್ದರೆ ನಲ್ಲಿಯ ನೀರನ್ನು ರಭಸವಾಗಿ ಬಿಟ್ಟು ತೊಳೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಕಲಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸು. ವಾರಕ್ಕೊಮ್ಮೆಯಂತೆ ಮೂರು ವಾರ. ಗಿಡದ ಮೇಲೆ ಇರುವೆ ಸಾಲು ಹತ್ತಿದರೆ ತಿಗಣೆ ಬಂದಿದೆಯೆಂದೇ ತಿಳಿ, ಅದರ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ಸಕ್ಕರೆ ಹಾಲು ಸೇರಿದ ಚಹಾ ಗಸಿಯನ್ನು ಕುಂಡಕ್ಕೆ ಸುರಿದು ಆ ಇರುವೆಗಳನ್ನು ನಾವೇ ಕರೆಯಬಾರದು.

ಗೊಬ್ಬರದ್ದು ಇಷ್ಟೇ. ತಿಂಗಳಿಗೊಂದು ಹಿಡಿ ಎರೆಗೊಬ್ಬರ. ಡಿಎಪಿ ಕಾಳು ಹಾಕಿದರೆ ಹೂ ಸುರಿಯುತ್ತದೆ ಎಂದು ಯಾರೇ ಹೇಳಲಿ, ಹಾಕಬೇಡ. ದಾಸವಾಳಕ್ಕೆ ರಂಜಕ ಅಷ್ಟು ಬೇಕಿಲ್ಲ, ಹೆಚ್ಚಾದರೆ ಕಬ್ಬಿಣಾಂಶ ಹೀರುವುದಕ್ಕೇ ಅಡ್ಡಿ. ಬೇಕಾದದ್ದು ಪೊಟ್ಯಾಶ್. ಹದಿನೈದು ದಿನಕ್ಕೊಮ್ಮೆ 13-0-45 ಪುಡಿಯನ್ನು ಲೀಟರಿಗೆ 2 ಗ್ರಾಂ ಕರಗಿಸಿ, ಒದ್ದೆ ಮಣ್ಣಿಗೆ ಕೊಟ್ಟರೆ ಸಾಕು. ಜಡಿಮಳೆಯಲ್ಲಿ ಅದೂ ಬೇಡ, ಹಾಕಿದ್ದೆಲ್ಲ ಕೊಚ್ಚಿ ಹೋಗುತ್ತದೆ.

ಈಗ ಕತ್ತರಿ. ದಾಸವಾಳದ ಹೂ ಬರುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿ ಎಷ್ಟು ಉದ್ದ ಬೆಳೆದರೂ ತುದಿಯಲ್ಲಿ ಒಂದೆರಡು ಹೂ, ಕೆಳಗೆಲ್ಲ ಬೋಳು. ನೌಪಾಡಾದ ಗ್ರಿಲ್ಲುಗಳಲ್ಲಿ ಇಂಥ ಗಿಡಗಳನ್ನು ನೋಡುತ್ತಾ ಬಂದಿದ್ದೇನೆ. ಸರಳಿನಿಂದ ಹೊರಗೆ ಬಾಗಿ, ಬೀದಿಯವರಿಗೆ ಹೂ ತೋರಿಸಿ, ಮನೆಯವರಿಗೆ ಬರಿ ಕಡ್ಡಿ ತೋರಿಸುತ್ತವೆ. ಕತ್ತರಿಸಲು ಅವರಿಗೆ ಕೈ ಬರುವುದಿಲ್ಲ, ಮೊಗ್ಗಿದೆಯಲ್ಲ ಎಂಬ ಮರುಕ. ನೀನು ಮರುಕಪಡಬೇಡ. ಪ್ರತಿ ಕಡ್ಡಿಯನ್ನೂ ಮೂರರಲ್ಲೊಂದು ಭಾಗ ತೆಗೆ. ಹೊರಮುಖವಾಗಿರುವ ಕಣ್ಣು ಹುಡುಕಿ, ಅದರ ಕಾಲು ಇಂಚು ಮೇಲೆ, ಓರೆಯಾಗಿ ಕತ್ತರಿಸು. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಚಿಗುರು ಒಳಗೇ ನುಗ್ಗಿ ಗಿಡ ಗೋಜಲಾಗುತ್ತದೆ. ಕತ್ತರಿ ಹರಿತವಿರಲಿ, ಮೊದಲು ಸ್ಪಿರಿಟಿನಿಂದ ಒರೆಸು. ಎಲೆ ಕಡಿಮೆಯಾದ ಗಿಡಕ್ಕೆ ಬಾಯಾರಿಕೆಯೂ ಕಡಿಮೆ, ನೀರನ್ನೂ ತಗ್ಗಿಸು. ಎರಡು ಮೂರು ವಾರ ಏನೂ ಕಾಣದಿದ್ದರೂ ಕುಂಡ ಜರುಗಿಸಬೇಡ.

ಯಾವಾಗ ಎಂದರೆ, ಜೂನ್ ಮೊದಲ ವಾರ. ಲೆಕ್ಕ ನೀನೇ ಹಾಕು. ಚಿಗುರಿ, ಬೆಳೆದು, ಮೊಗ್ಗು ಬಲಿತು ಹೂವಾಗಲು ಎರಡು ಎರಡೂವರೆ ತಿಂಗಳು. ಚೌತಿ ಬರುವುದು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ. ಆಗ ಜಾಂಭಳಿ ನಾಕಾದ ಹೂವಿನ ಅಂಗಡಿಗಳಲ್ಲಿ ಕೆಂಪು ದಾಸವಾಳಕ್ಕೆ ಎಷ್ಟು ಬೇಡಿಕೆಯೆಂದು ನಿನಗೆ ಗೊತ್ತು. ಗಣಪತಿಗೆ ಈ ಜಾಸ್ವಂದ ಇಲ್ಲದೆ ಇಲ್ಲಿಯವರ ಪೂಜೆ ನಡೆಯುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಲ್ಲಿ ತುದಿಗಳನ್ನಷ್ಟೇ ಇನ್ನೊಮ್ಮೆ ಚಿವುಟಿದರೆ ಚಳಿಗಾಲಕ್ಕೂ ಹೂ.

ಕತ್ತರಿಸಬೇಕೆನ್ನಲು ಇನ್ನೊಂದು ಕಾರಣವಿದೆ, ನನಗೆ ಅದೇ ದೊಡ್ಡದು: ಕತ್ತರಿಸಿದ ಕಡ್ಡಿಯೇ ಹೊಸ ಗಿಡ. ನಮ್ಮ ಮನೆಗಳ ಹಳೆಯ ಕೆಂಪು ದಾಸವಾಳ ಬೀಜ ಕಟ್ಟುವುದು ಅಪರೂಪ. ಅದು ಊರಿಂದ ಊರಿಗೆ ಬಂದದ್ದೆಲ್ಲ ಕಡ್ಡಿಯಾಗಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಚೀನಾದ ಗುಲಾಬಿ ಎಂಬರ್ಥದ ಹೆಸರಿಟ್ಟ, ಆದರೆ ಕಾಡಿನಲ್ಲಿ ತಾನಾಗಿ ಬೆಳೆದ ಮೂಲ ಗಿಡ ಎಲ್ಲೂ ಸಿಕ್ಕಿಲ್ಲ. ಯಾರೂ ಕಡ್ಡಿ ನೆಡದಿದ್ದರೆ ಆ ಗಿಡ ಅಲ್ಲಿಗೇ ಮುಗಿಯಿತು. ನೌಪಾಡಾದ ಹಳೆಯ ಸೊಸೈಟಿಗಳ ಕಾಂಪೌಂಡ್ ಬದಿಯಲ್ಲಿ ಆಳೆತ್ತರದ ದಾಸವಾಳಗಳಿವೆ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದ ದಿನ ಜೆಸಿಬಿ ಮೊದಲು ಕೀಳುವುದು ಅವನ್ನೇ. ದೊಡ್ಡ ಮರಕ್ಕಾದರೆ ಪಾಲಿಕೆಯ ಅನುಮತಿ ಕೇಳುತ್ತಾರೆ, ಪೊದೆಗೆ ಯಾರು ಕೇಳುತ್ತಾರೆ? ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಬೇರು ಸಮೇತ ಒಯ್ಯಲು ಆಗುವುದಿಲ್ಲ, ಹತ್ತು ಕಡ್ಡಿ ಒಯ್ಯಬಹುದು. ಪೆನ್ಸಿಲ್ ದಪ್ಪ, ಆರಿಂಚು ಉದ್ದ, ಕೆಳಗಿನ ಎಲೆ ತೆಗೆದು ಮೇಲಿನ ಎರಡನ್ನು ಅರ್ಧ ಕತ್ತರಿಸಿ, ಮರಳು ಬೆರೆತ ಮಣ್ಣಿಗೆ ಎರಡು ಕಣ್ಣು ಮುಳುಗುವಷ್ಟು ಊರು. ನೆರಳಿನಲ್ಲಿಡು, ಬೇರು ಬಂತೇ ಎಂದು ಎಳೆದು ನೋಡಬೇಡ. ಸುಮಾರು ಆರು ವಾರ ಕಾಯಬೇಕು. ಹತ್ತರಲ್ಲಿ ಐದು ಬದುಕಿದರೂ ಲಾಭವೇ.

ಠಾಣೆ ಮಹಾನಗರಪಾಲಿಕೆಯ ವೃಕ್ಷವಲ್ಲಿ ಪ್ರದರ್ಶನದಲ್ಲಿ ತಟ್ಟೆಯಗಲದ ಹಳದಿ, ಕೇಸರಿ, ಬೂದು ಬಣ್ಣದ ಹೈಬ್ರಿಡ್ ಕಂಡರೆ ಆಸೆಯಾಗುತ್ತದೆ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರೂ ಚೆಂದದ ಮಿಶ್ರತಳಿಗಳನ್ನು ಬೆಳೆಸಿದ್ದಾರೆ. ತರಬೇಡ ಎನ್ನುವುದಿಲ್ಲ. ಆದರೆ ಠಾಣೆಯ ಮಳೆಗೆ ಅವುಗಳ ಬೇರು ಬೇಗ ಕೊಳೆಯುತ್ತದೆ. ಮೊದಲು ಎರಡು ಮಳೆಗಾಲ ದೇಸಿ ಕೆಂಪನ್ನು ದಾಟಿಸು, ಆಮೇಲೆ ಆಸೆಪಡು.

ಹೂವನ್ನು ಗಿಡದಲ್ಲೇ ಇಟ್ಟುಕೊಳ್ಳಬೇಕೆಂಬ ಹಟ ಬೇಡ. ಅದರ ಆಯಸ್ಸು ಒಂದೇ ಹಗಲು, ಕಿತ್ತರೂ ಅಷ್ಟೇ, ಬಿಟ್ಟರೂ ಅಷ್ಟೇ. ಬಣ್ಣ ಹೊರಗೆ ಇಣುಕುವ ಮೊಗ್ಗನ್ನು ಸಂಜೆ ಕಿತ್ತಿಟ್ಟರೆ ಬೆಳಿಗ್ಗೆ ನೀರಿಲ್ಲದೆಯೂ ಅರಳುತ್ತದೆ. ಸಂಕಷ್ಟಿಯ ಹಿಂದಿನ ಸಂಜೆ ನಾಲ್ಕು ಮೊಗ್ಗು ಎದುರು ಮನೆಯ ಕಾಕುಗೆ ಕೊಡು. ವಾಕಿಂಗಿಗೆ ಹೋದವರು ಕಾಂಪೌಂಡಿನ ಹೂ ಕಿತ್ತರೆಂದು ಸೊಸೈಟಿ ಸಭೆಯಲ್ಲಿ ದೂರು ಹೇಳುವವರ ಜೊತೆ ಸೇರಬೇಡ. ಕತ್ತರಿಸಿದ ಎಲೆಯನ್ನೂ ಎಸೆಯಬೇಡ. ಮದ್ದು ಹೊಡೆಯದ ಗಿಡದ್ದಾದರೆ ಒಂದು ಹಿಡಿ ಎಳೆ ಎಲೆಯನ್ನು ನೆನೆದ ಅಕ್ಕಿಯ ಜೊತೆ ರುಬ್ಬು, ದೋಸೆ ಮೆತ್ತಗೆ ಏಳುತ್ತದೆ. ಬಲಿತ ಎಲೆಯನ್ನು ನೀರಿನಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ ಹಚ್ಚಿಕೋ.

ನಿಮ್ಮ ಪಕ್ಕದ ಕಟ್ಟಡ ಖಾಲಿಮಾಡಲು ನೋಟಿಸು ಬಂದಿದೆ ಎಂದಿದ್ದೆ. ಅದರ ಗೇಟಿನ ಒಳಬದಿಗೆ ಐದೆಸಳಿನ ಕೆಂಪು ದಾಸವಾಳವೊಂದಿದೆ. ಮೊದಲ ಮಳೆಯವರೆಗೂ ಕಾಯಬೇಡ, ಈ ಭಾನುವಾರವೇ ವಾಚ್‌ಮನ್‌ಗೆ ಹೇಳಿ ಹತ್ತು ಕಡ್ಡಿ ಕೇಳಿಕೊಂಡು ಬಾ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಮಣ್ಣು ಮರಳು ನನ್ನಲ್ಲಿದೆ, ಇಬ್ಬರೂ ಕೂತು ನೆಡೋಣ.