ಬನ್ನುಗಳನ್ನು ಬಿಡಿಸಬೇಡಿ

ಅಮೆರಿಕದಲ್ಲಿ ಸೂಪರ್ ಬೌಲ್ ಸಂಜೆಗೋ ಪಾಟ್‌ಲಕ್ಕಿಗೋ ಮನೆ ತುಂಬ ಜನ ಬರುವವರಿದ್ದರೆ, ಒಲೆಯ ಮುಂದೆ ನಿಲ್ಲುವ ಗೋಜೇ ಬೇಡ. ಓವನ್ನಿನಲ್ಲಿ ಬೇಯುವ ಪುಟ್ಟ ಹ್ಯಾಮ್-ಸ್ವಿಸ್ ಚೀಸ್ ಸ್ಯಾಂಡ್‌ವಿಚ್ ಮಾಡಿ. ಹನ್ನೆರಡು ಹವಾಯಿಯನ್ ಸಿಹಿ ಬನ್ನುಗಳ ಒಂದು ಪೊಟ್ಟಣ ನಾಲ್ಕೈದು ಜನಕ್ಕೆ ಸಾಕು.

ಬನ್ನುಗಳನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ. ಅಂಟಿಕೊಂಡ ಇಡೀ ಹಾಳೆಯನ್ನೇ ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಸೀಳಿ, ತಳದ ಅರ್ಧವನ್ನು ಟ್ರೇಯಲ್ಲಿಡಿ. ಮೊದಲು ಚೀಸ್, ನಡುವೆ ಹ್ಯಾಮ್, ಮೇಲೆ ಮತ್ತೆ ಚೀಸ್, ಕೊನೆಗೆ ಬನ್ನಿನ ಮೇಲಿನ ಅರ್ಧ. ಎರಡೂ ಕಡೆ ಚೀಸ್ ಕರಗಿ ಬನ್ನನ್ನು ಹಿಡಿದುಕೊಳ್ಳುತ್ತದೆ, ಮಾಂಸದ ತೇವ ಬ್ರೆಡ್ಡಿಗೆ ಇಳಿಯುವುದೂ ಕಡಿಮೆ.

ಇದರ ರುಚಿಯೆಲ್ಲ ಮೇಲೆ ಸವರುವ ಬೆಣ್ಣೆಯಲ್ಲಿದೆ. ಕರಗಿದ ಬೆಣ್ಣೆಗೆ ಡಿಜಾನ್ ಸಾಸಿವೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದಿಷ್ಟು ವೂಸ್ಟರ್‌ಶೈರ್ ಸಾಸ್, ಗಸಗಸೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ನೀಲಿಗಪ್ಪು ಗಸಗಸೆ. ಮನೆಯಲ್ಲಿ ಪಾಯಸದ ಬಿಳಿಯದಿದ್ದರೆ ಅದನ್ನೇ ಧಾರಾಳವಾಗಿ ಹಾಕಿ. 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ತೆರೆದು ಇನ್ನೈದು ನಿಮಿಷ. ಅಂಚಿನಲ್ಲಿ ಬೆಣ್ಣೆ ಗುಳುಗುಳು ಕುದಿದು, ನೆತ್ತಿ ಕೆಂಪಗಾದರೆ ತೆಗೆಯಿರಿ.

ಸಸ್ಯಾಹಾರಿ ಕನ್ನಡಿಗರು ಬರುವವರಿದ್ದರೆ ಅವರಿಗೆ ಬೇರೆಯೇ ಟ್ರೇ ಇರಲಿ. ಹ್ಯಾಮ್ ಎತ್ತಿಟ್ಟು ಬಡಿಸುವುದು ಸಲ್ಲ. ಅಣಬೆ, ದೊಣ್ಣೆಮೆಣಸಿನಕಾಯಿಯನ್ನು ನೀರು ಆರುವವರೆಗೆ ಹುರಿದು ತುಂಬಿ. ಮಾಮೂಲಿ ವೂಸ್ಟರ್‌ಶೈರ್ ಸಾಸಿನಲ್ಲಿ ಆಂಚೊವಿ ಮೀನಿರುತ್ತದೆ, ಕೆಲವು ಸ್ವಿಸ್ ಚೀಸುಗಳಲ್ಲಿ ಕರುವಿನ ಜಠರದ ರೆನೆಟ್ ಇರುತ್ತದೆ, ಸಿಹಿ ಬನ್ನಿನಲ್ಲಿ ಮೊಟ್ಟೆಯೂ ಇರುತ್ತದೆ. ಲೇಬಲ್ ಓದಿಯೇ ಕೊಳ್ಳಿ.